ಹಳೆಯ ಎಡಿಟಿಂಗ್ ತಂತ್ರಾಂಶದಲ್ಲಿ 4ಕೆ ವಿಡಿಯೊ ಸಂಕಲನ: ಮೊದಲಿನಿಂದ ಕೊನೆಯವರೆಗೆ ಸಮಗ್ರ ಮಾರ್ಗದರ್ಶಿ

ಮುಂಬೈಯಲ್ಲಿ ಮಾಟುಂಗದ ಮೈಸೂರು ಅಸೋಸಿಯೇಷನ್, ಕುರ್ಲಾದ ಬಂಟರ ಭವನ, ಸಾಂತಾಕ್ರೂಜ್‌ನ ಬಿಲ್ಲವ ಭವನ ಮೊದಲಾದ ಕಡೆಗಳಲ್ಲಿ ನಡೆಯುವ ನಾಟಕ, ತಾಳಮದ್ದಳೆ, ವಾರ್ಷಿಕೋತ್ಸವಗಳನ್ನೂ ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನ ಮೇಳಗಳ ಆಟಗಳನ್ನೂ ಈಗ ಮೊಬೈಲ್‌ನಲ್ಲೇ ಆಗಲಿ, ಕ್ಯಾಮೆರಾದಲ್ಲೇ ಆಗಲಿ 4ಕೆಯಲ್ಲಿ ಚಿತ್ರೀಕರಿಸುವುದು ರೂಢಿಯಾಗಿದೆ. ಆದರೆ ಅದನ್ನು ಸಂಕಲಿಸುವ ಕಂಪ್ಯೂಟರ್ ಬಹಳ ಕಡೆ ಹತ್ತು ವರ್ಷಕ್ಕೂ ಹಳೆಯದು. ಅದರಲ್ಲಿರುವುದು ಅಡೋಬಿ ಪ್ರೀಮಿಯರ್ ಸಿಎಸ್6, ಹಳೆಯ ಎಡಿಯಸ್ ಅಥವಾ ಫೈನಲ್ ಕಟ್ ಪ್ರೊ 7. ಚಿತ್ರ ತಡೆದು ತಡೆದು ಓಡುತ್ತದೆ, ಧ್ವನಿ ಮುಂದೆ ಹೋಗಿ ತುಟಿ ಹಿಂದೆ ಉಳಿಯುತ್ತದೆ, ಫೈಲ್ ತೆರೆಯುವುದೇ ಇಲ್ಲ, ಎಕ್ಸ್‌ಪೋರ್ಟ್ ಅರ್ಧಕ್ಕೆ ನಿಲ್ಲುತ್ತದೆ ಎಂಬ ದೂರುಗಳು ಮತ್ತೆ ಮತ್ತೆ ಬರುತ್ತವೆ.

ಈ ನಾಲ್ಕೂ ತೊಂದರೆಗಳು ಬಹುತೇಕ ಒಂದೇ ಕಡೆಯಿಂದ ಹುಟ್ಟುತ್ತವೆ: ಕ್ಯಾಮೆರಾ ಕೊಟ್ಟ ಫೈಲನ್ನು ಹಾಗೆಯೇ ಟೈಮ್‌ಲೈನಿಗೆ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ) ಎಳೆದು ಹಾಕಲಾಗಿರುತ್ತದೆ. ಹಳೆಯ ತಂತ್ರಾಂಶ ಕತ್ತರಿಸುವ, ಜೋಡಿಸುವ ಕೆಲಸವನ್ನು ಇಂದಿಗೂ ಚೆನ್ನಾಗಿಯೇ ಮಾಡುತ್ತದೆ. ಅದಕ್ಕೆ ಜೀರ್ಣವಾಗುವ ರೂಪದಲ್ಲಿ ಫೈಲ್ ಒದಗಿಸುವುದು ಸಂಕಲನಕಾರನ ಹೊಣೆ. ಆದ್ದರಿಂದ ಈ ಮಾರ್ಗದರ್ಶಿಯ ಅರ್ಧಕ್ಕಿಂತ ಹೆಚ್ಚು ಭಾಗ ಸಂಕಲನಕ್ಕೆ ಮೊದಲಿನ ಕೆಲಸಕ್ಕೆ ಮೀಸಲಾಗಿದೆ. ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಉದಾಹರಣೆಗಳು ಪ್ರೀಮಿಯರ್ ಸಿಎಸ್6ಕ್ಕೆ ಸಂಬಂಧಿಸಿದವು. ಉಳಿದ ತಂತ್ರಾಂಶಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಹಂತ 1: ಫೈಲ್‌ನಲ್ಲಿ ಏನಿದೆ ಎಂದು ಓದಿ ತಿಳಿಯಿರಿ

ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಪ್ರತಿಯೊಂದು ಕ್ಯಾಮೆರಾದ ಒಂದೊಂದು ಫೈಲನ್ನು ಅದರಲ್ಲಿ ತೆರೆಯಿರಿ. ಐದು ವಿವರಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ: ವಿಡಿಯೊದ ಫಾರ್ಮ್ಯಾಟ್, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ), ಆ ಫ್ರೇಮ್ ರೇಟ್ ಸ್ಥಿರವೋ ಬದಲಾಗುವಂಥದೋ, ಬಿಟ್ ಡೆಪ್ತ್ (ಬಣ್ಣದ ಸೂಕ್ಷ್ಮತೆಯ ಅಳತೆ), ಧ್ವನಿಯ ಸ್ಯಾಂಪ್ಲಿಂಗ್ ರೇಟ್.

ಫಾರ್ಮ್ಯಾಟ್ ಎದುರು ಎಚ್‌ಇವಿಸಿ ಎಂದಿದ್ದರೆ ಅದೇ ಎಚ್.265. ಈ ಮಾನದಂಡ ಅಂತಿಮಗೊಂಡದ್ದು 2013ರಲ್ಲಿ, ಸಿಎಸ್6 ಬಂದದ್ದು 2012ರಲ್ಲಿ. ಹಾಗಾಗಿ ಆ ಫೈಲನ್ನು ಸಿಎಸ್6 ಯಾವ ಸೆಟ್ಟಿಂಗ್ ಬದಲಿಸಿದರೂ ತೆರೆಯಲಾರದು. ಫೈಲ್‌ನ ಹೆಸರಿನ ಕೊನೆಯಲ್ಲಿ ಎಂಪಿ4 ಅಥವಾ ಎಂಒವಿ ಎಂದಿರುವುದು ಕೇವಲ ಹೊರಗಿನ ಪೆಟ್ಟಿಗೆಯ ಹೆಸರು. ಒಂದೇ ಹೆಸರಿನ ಎರಡು ಫೈಲ್‌ಗಳಲ್ಲಿ ಒಂದು ತೆರೆದು ಇನ್ನೊಂದು ತೆರೆಯದಿರುವುದಕ್ಕೆ ಕಾರಣ ಒಳಗಿನ ಕೋಡೆಕ್, ಅಂದರೆ ಚಿತ್ರವನ್ನು ಕುಗ್ಗಿಸಿ ಬರೆದಿಟ್ಟ ವಿಧಾನ. ಹೆಸರಿನ ಕೊನೆಯ ಅಕ್ಷರಗಳನ್ನು ಬದಲಿಸಿ ನೋಡುವುದರಿಂದ ಏನೂ ಪ್ರಯೋಜನವಿಲ್ಲ.

ಫ್ರೇಮ್ ರೇಟ್ ವೇರಿಯಬಲ್ ಎಂದಿದ್ದರೆ ಅದು ಸಾಮಾನ್ಯವಾಗಿ ಮೊಬೈಲ್‌ನ ಫೈಲ್. ಬೆಳಕು ಕಡಿಮೆಯಾದಾಗ ಅಥವಾ ಫೋನ್ ಬಿಸಿಯಾದಾಗ ಮೊಬೈಲ್ ಫ್ರೇಮ್‌ಗಳ ನಡುವಿನ ಅಂತರವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಹಳೆಯ ತಂತ್ರಾಂಶ ಎಲ್ಲ ಫ್ರೇಮ್‌ಗಳೂ ಸಮಾನ ಅಂತರದಲ್ಲಿವೆ ಎಂದೇ ಎಣಿಸುತ್ತದೆ. ಎರಡು ನಿಮಿಷದ ಕ್ಲಿಪ್‌ನಲ್ಲಿ ಇದರ ಪರಿಣಾಮ ಕಣ್ಣಿಗೆ ಬೀಳುವುದಿಲ್ಲ. ಒಂದು ಗಂಟೆಯ ಪ್ರಸಂಗದಲ್ಲಿ ಭಾಗವತರ ತುಟಿಗೂ ಪದಕ್ಕೂ ಸಂಬಂಧವೇ ಇಲ್ಲದಂತಾಗುತ್ತದೆ. ಆರಂಭದಲ್ಲಿ ಸರಿಯಿದ್ದು ಹೋಗುತ್ತ ಹೋಗುತ್ತ ಧ್ವನಿ ಜಾರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಬಿಟ್ ಡೆಪ್ತ್ 10 ಎಂದೂ, ಬಣ್ಣದ ಸಾಲಿನಲ್ಲಿ ಬಿಟಿ.2020 ಎಂದೂ ಕಂಡರೆ ಅದು ಎಚ್‌ಡಿಆರ್, ಅಂದರೆ ಬೆಳಕು-ನೆರಳಿನ ಹೆಚ್ಚು ವ್ಯಾಪ್ತಿಯನ್ನು ಹಿಡಿಯುವ ಚಿತ್ರೀಕರಣ. ಐಫೋನ್ 12ರಿಂದ ಮುಂದಿನ ಫೋನ್‌ಗಳಲ್ಲಿ ಇದು ಸಾಮಾನ್ಯ. ಹಳೆಯ ತಂತ್ರಾಂಶದಲ್ಲಿ ಇಂಥ ಚಿತ್ರ ಪೇಲವವಾಗಿ, ಕಿರೀಟದ ಹೊಳಪು ಸುಟ್ಟಂತೆ ಕಾಣುತ್ತದೆ. ಮುಂದಿನ ಕಾರ್ಯಕ್ರಮಕ್ಕಾದರೂ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ವಿಡಿಯೊವನ್ನು ನಿಲ್ಲಿಸಿ, ಪಿಎಎಲ್ ಫಾರ್ಮ್ಯಾಟ್‌ಗಳನ್ನು ತೋರಿಸುವ ಆಯ್ಕೆಯನ್ನು ಒತ್ತಿ, 25 ಫ್ರೇಮ್‌ನಲ್ಲಿ ಚಿತ್ರೀಕರಿಸಲು ಹೇಳಿ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ 25 ಫ್ರೇಮ್, 1/50 ಷಟರ್ ಇಟ್ಟುಕೊಂಡರೆ ಸಭಾಗೃಹದ ದೀಪಗಳ ಮಿಣುಕೂ ಬಹುಮಟ್ಟಿಗೆ ತಪ್ಪುತ್ತದೆ.

ಹಂತ 2: 1080ಪಿಯಲ್ಲಿ ಮುಗಿಸುವುದೋ, 4ಕೆಯಲ್ಲೋ ನಿರ್ಧರಿಸಿ

4ಕೆ ಎಂದರೆ 3840×2160, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. 1080ಪಿ ಎಂದರೆ 1920×1080, ಸುಮಾರು 21 ಲಕ್ಷ. ಕೆಲಸದ ಹೊರೆ ನಾಲ್ಕು ಪಟ್ಟು. ಈ ನಿರ್ಧಾರವನ್ನು ಅರ್ಧ ದಾರಿಯಲ್ಲಿ ಬದಲಿಸಿದರೆ ಮಾಡಿದ ಕೆಲಸದ ದೊಡ್ಡ ಪಾಲು ವ್ಯರ್ಥವಾಗುತ್ತದೆ.

ಮೊದಲ ದಾರಿ: ಎಲ್ಲ ಫೈಲ್‌ಗಳನ್ನೂ ಉತ್ತಮ ಗುಣಮಟ್ಟದ 1080ಪಿಗೆ ಪರಿವರ್ತಿಸಿ, ಅದರಲ್ಲೇ ಸಂಕಲಿಸಿ, ಅದರಲ್ಲೇ ಮುಗಿಸುವುದು. ಎರಡನೆಯ ದಾರಿ: ಮೂಲದ ಬದಲಿಗೆ ಬಳಸುವ ಸಣ್ಣ ಪ್ರತಿಗಳಾದ ಪ್ರಾಕ್ಸಿ ಫೈಲ್‌ಗಳಲ್ಲಿ ಸಂಕಲಿಸಿ, ಕೊನೆಯಲ್ಲಿ ಅವುಗಳ ಜಾಗಕ್ಕೆ 4ಕೆ ಫೈಲ್‌ಗಳನ್ನು ತಂದು ಕೂರಿಸುವುದು. ಪ್ರೀಮಿಯರ್‌ನಲ್ಲಿ ಪ್ರಾಕ್ಸಿಯ ಸಿದ್ಧ ವ್ಯವಸ್ಥೆ ಬಂದದ್ದು 2016ರಲ್ಲಿ. ಸಿಎಸ್6ರಲ್ಲಿ ಅದನ್ನು ಕೈಯಾರೆ ಮಾಡಬೇಕು.

ಸಂಘದ ಯೂಟ್ಯೂಬ್ ಚಾನೆಲ್ಲಿಗೆ ಹಾಕುವ, ಕಲಾವಿದರಿಗೆ ಪೆನ್‌ಡ್ರೈವ್‌ನಲ್ಲಿ ಕೊಡುವ ಕಾರ್ಯಕ್ರಮಕ್ಕೆ ಮೊದಲ ದಾರಿಯೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. 4ಕೆಯಿಂದ ಇಳಿಸಿದ 1080ಪಿ ಚಿತ್ರ ನೇರವಾಗಿ 1080ಪಿಯಲ್ಲಿ ತೆಗೆದದ್ದಕ್ಕಿಂತ ಸಾಮಾನ್ಯವಾಗಿ ಹೆಚ್ಚು ಸ್ಪಷ್ಟವಾಗಿರುತ್ತದೆ, ಕತ್ತಲೆಯ ಭಾಗಗಳ ಕಾಳುಕಾಳು ತೋರಿಕೆಯೂ ಕಡಿಮೆಯಾಗುತ್ತದೆ. ಮೂಲ ಫೈಲ್‌ಗಳನ್ನು ಜೋಪಾನವಾಗಿ ಇಟ್ಟರೆ 4ಕೆ ಎಲ್ಲಿಗೂ ಹೋಗುವುದಿಲ್ಲ. ದೊಡ್ಡ ಪರದೆಯಲ್ಲಿ ತೋರಿಸಬೇಕಾದಾಗ ಅಥವಾ ಯಾರಾದರೂ 4ಕೆಯನ್ನೇ ಕೇಳಿದಾಗ ಮಾತ್ರ ಎರಡನೆಯ ದಾರಿಗೆ ಇಳಿಯಿರಿ.

ಹಂತ 3: ಜಾಗದ ಲೆಕ್ಕ ಹಾಕಿ, ಸಲಕರಣೆ ಹೊಂದಿಸಿ

ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಚಿತ್ರೀಕರಿಸುವ ಕ್ಯಾಮೆರಾ ಗಂಟೆಗೆ 45 ಜಿಬಿ ತುಂಬುತ್ತದೆ. ಮೂರು ಗಂಟೆಯ ಆಟಕ್ಕೆ 135 ಜಿಬಿ. ಎರಡು ಕ್ಯಾಮೆರಾ ಇದ್ದರೆ 270. ಇದರ ಎರಡು ಪ್ರತಿ ಬೇಕು, ಪರಿವರ್ತಿತ ಫೈಲ್‌ಗಳಿಗೆ ಬೇರೆ ಜಾಗ ಬೇಕು. 50 ಮೆಗಾಬಿಟ್‌ನ 1080ಪಿ ರೂಪಕ್ಕೆ ಗಂಟೆಗೆ 22.5 ಜಿಬಿ, 120 ಮೆಗಾಬಿಟ್‌ನ ರೂಪಕ್ಕೆ 54 ಜಿಬಿ. ಯಾವ ರೂಪವಾದರೂ ಸೆಕೆಂಡಿನ ಮೆಗಾಬಿಟ್ಟನ್ನು 0.45ರಿಂದ ಗುಣಿಸಿದರೆ ಗಂಟೆಯ ಜಿಬಿ ಸಿಗುತ್ತದೆ.

ಬೇಕಾದ ಡಿಸ್ಕ್‌ಗಳು ಎರಡು: ಒಂದು ಮೂಲ ಫೈಲ್‌ಗಳಿಗೆ, ಇನ್ನೊಂದು ಸಂಕಲನಕ್ಕೆ. ವಿಂಡೋಸ್ ಇರುವ ಡಿಸ್ಕ್‌ನಲ್ಲಿ ವಿಡಿಯೊ ಇಡಬೇಡಿ. ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಬಳಸಿದ ಡಿಸ್ಕ್‌ಗಳು ಅಗ್ಗವಾಗಿ ಸಿಗುತ್ತವೆ. ಕೊಳ್ಳುವುದಾದರೆ ಅಂಗಡಿಯಲ್ಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಅದರ ಆರೋಗ್ಯ ನೋಡಿ, ಎಚ್ಚರಿಕೆಯ ಹಳದಿ ಬಣ್ಣ ಕಂಡರೆ ಬಿಟ್ಟುಬಿಡಿ. ಮೂಲ ಫೈಲ್‌ಗಳಿಗಂತೂ ಹೊಸ ಡಿಸ್ಕೇ ಇರಲಿ. ಯುಎಸ್‌ಬಿ 2.0 ಸಾಕೆಟ್‌ಗೆ ಸಿಕ್ಕಿಸಿದ ಡಿಸ್ಕ್ ಸೆಕೆಂಡಿಗೆ 30-40 ಎಂಬಿಗಿಂತ ಹೆಚ್ಚು ಕೊಡಲಾರದು. ಅದರ ಮೇಲೆ ಎರಡು ಕ್ಯಾಮೆರಾದ ಚಿತ್ರವನ್ನು ಒಟ್ಟಿಗೆ ಓಡಿಸುವ ನಿರೀಕ್ಷೆ ಬೇಡ. ಡಿಸ್ಕನ್ನು ಕಂಪ್ಯೂಟರಿನ ಒಳಗೇ ಕೂರಿಸಿ. ಅದು ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ಖಾಲಿ ಇರುವಾಗಲೇ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ.

ಪರಿವರ್ತನೆಗೆ ಹ್ಯಾಂಡ್‌ಬ್ರೇಕ್ ಸಾಕು; ಷಟರ್ ಎನ್ಕೋಡರ್ ಇದ್ದರೆ ಇನ್ನೂ ಅನುಕೂಲ. ಎರಡೂ ಉಚಿತ. ಇವುಗಳ ಈಗಿನ ಆವೃತ್ತಿಗಳು ವಿಂಡೋಸ್ 7ರ ಕಂಪ್ಯೂಟರಿನಲ್ಲಿ ನಡೆಯದಿದ್ದರೆ ಮನೆಯಲ್ಲಿರುವ ಹೊಸ ಲ್ಯಾಪ್‌ಟಾಪ್‌ನಲ್ಲಿ ಪರಿವರ್ತಿಸಿ, ಫೈಲ್‌ಗಳನ್ನು ಮಾತ್ರ ಹಳೆಯದಕ್ಕೆ ಒಯ್ಯಿರಿ. ಭಾರದ ಕೆಲಸ ಹೊಸ ಯಂತ್ರಕ್ಕೆ, ಕೈಗೆ ರೂಢಿಯಾದ ಸಂಕಲನ ಹಳೆಯ ಯಂತ್ರಕ್ಕೆ ಎಂಬ ಈ ಹಂಚಿಕೆ ಬಹಳ ಸಮಯ ಉಳಿಸುತ್ತದೆ.

ಫೈನಲ್ ಕಟ್ ಪ್ರೊ 7 ಬಳಸುವವರಿಗೆ ಒಂದು ಮಾತು. ಅದು 32 ಬಿಟ್ ತಂತ್ರಾಂಶ. 4 ಜಿಬಿಗಿಂತ ಹೆಚ್ಚು ಮೆಮೊರಿಯನ್ನು ಅದು ಬಳಸಲಾರದು, 16 ಜಿಬಿ ರ‍್ಯಾಮ್ ಹಾಕಿಸಿದರೂ ವ್ಯತ್ಯಾಸವಾಗದು. ಮ್ಯಾಕ್‌ಒಎಸ್ ಅನ್ನು ಹೊಸದಕ್ಕೆ ಏರಿಸಿದರೆ ಅದು ತೆರೆಯುವುದೇ ಇಲ್ಲ. ಕೆಲಸ ನಡೆಯುತ್ತಿರುವ ಮ್ಯಾಕ್‌ನಲ್ಲಿ ಅಪ್‌ಡೇಟ್ ಒತ್ತಬೇಡಿ.

ಹಂತ 4: ಕಾರ್ಡ್‌ನಿಂದ ನಕಲು

ಕಾರ್ಡ್‌ನಲ್ಲಿರುವ ಫೋಲ್ಡರ್‌ಗಳನ್ನು ಪೂರ್ತಿಯಾಗಿ, ಒಳಗಿನ ರಚನೆ ಕದಲದಂತೆ ನಕಲಿಸಿ. ವಿಡಿಯೊ ಫೈಲ್‌ಗಳನ್ನಷ್ಟೇ ಆರಿಸಿ ತೆಗೆಯುವುದು ದೊಡ್ಡ ತಪ್ಪು, ಏಕೆಂದರೆ ಉದ್ದದ ಚಿತ್ರೀಕರಣವನ್ನು ಕೆಲವು ಕ್ಯಾಮೆರಾಗಳು 4 ಜಿಬಿಯ ತುಂಡುಗಳಾಗಿ ಬರೆಯುತ್ತವೆ, ಆ ತುಂಡುಗಳ ಕ್ರಮವನ್ನು ಹೇಳುವ ಮಾಹಿತಿ ಪಕ್ಕದ ಸಣ್ಣ ಫೈಲ್‌ಗಳಲ್ಲಿರುತ್ತದೆ. ನಕಲಾದ ಮೇಲೆ ಎರಡೂ ಕಡೆಯ ಫೈಲ್‌ಗಳ ಸಂಖ್ಯೆ, ಒಟ್ಟು ಗಾತ್ರ ತಾಳೆ ನೋಡಿ, ಪ್ರತಿಯೊಂದು ಫೈಲಿನ ಕೊನೆಯ ಕೆಲವು ಸೆಕೆಂಡುಗಳನ್ನು ಓಡಿಸಿ ನೋಡಿ. ಮೊಬೈಲ್‌ನವರಿಂದ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ತರಿಸಿಕೊಳ್ಳಬೇಡಿ. ಅದು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಕೇಬಲ್ ಹಾಕಿಯೇ ತೆಗೆಯಿರಿ.

ಹೆಸರಿಡುವುದು ಈಗಲೇ ಆಗಬೇಕು, ನಂತರ ಅಲ್ಲ. ಇಂಗ್ಲಿಷ್ ಅಕ್ಷರ ಮತ್ತು ಅಂಕೆಗಳಲ್ಲಿ, ನಡುವೆ ಖಾಲಿ ಬಿಡದೆ, ಕ್ಯಾಮೆರಾ ಯಾವುದು, ತುಂಡು ಎಷ್ಟನೆಯದು ಎಂಬುದು ತಿಳಿಯುವಂತೆ ಹೆಸರಿಡಿ. ಕನ್ನಡ ಅಕ್ಷರದ ಫೈಲ್ ಹೆಸರುಗಳು ಹಳೆಯ ತಂತ್ರಾಂಶಗಳಲ್ಲಿ ತೊಂದರೆ ಕೊಡಬಹುದು. ಕಾರ್ಡ್‌ನ ಮೂಲ ಫೋಲ್ಡರ್ ರಚನೆಯಲ್ಲಿ ಕೈ ಹಾಕದೆ, ಪರಿವರ್ತನೆಯ ಫಲವಾಗಿ ಬರುವ ಫೈಲ್‌ಗಳಿಗೆ ಈ ಹೆಸರು ಕೊಡುವುದು ಕ್ಷೇಮ.

ಹಂತ 5: ಪರಿವರ್ತನೆ

ಇಡೀ ಕೆಲಸದ ಸೋಲು ಗೆಲುವು ನಿರ್ಧಾರವಾಗುವುದು ಇಲ್ಲಿ. ಕ್ಯಾಮೆರಾದ ಎಚ್.264, ಎಚ್.265 ಫೈಲ್‌ಗಳಲ್ಲಿ ಪ್ರತಿಯೊಂದು ಫ್ರೇಮ್ ಪೂರ್ತಿಯಾಗಿ ಇರುವುದಿಲ್ಲ. ಒಂದು ಪೂರ್ಣ ಚಿತ್ರ, ಅದರ ನಂತರ ಬದಲಾದ ಭಾಗಗಳ ವಿವರ ಮಾತ್ರ ಇರುತ್ತದೆ. ನೀವು ನಡುವಿನ ಒಂದು ಫ್ರೇಮ್ ಮೇಲೆ ನಿಂತಾಗ ಕಂಪ್ಯೂಟರ್ ಹಿಂದಿನ ಪೂರ್ಣ ಚಿತ್ರದಿಂದ ಅಲ್ಲಿಯವರೆಗೂ ಲೆಕ್ಕ ಹಾಕಿಕೊಂಡು ಬರಬೇಕು. ಪ್ರತಿಯೊಂದು ಫ್ರೇಮೂ ಸ್ವತಂತ್ರವಾಗಿರುವ, ಅಥವಾ ಕನಿಷ್ಠ ಪೂರ್ಣ ಚಿತ್ರಗಳು ಒತ್ತೊತ್ತಾಗಿರುವ ರೂಪಕ್ಕೆ ತಂದರೆ ಹಳೆಯ ಯಂತ್ರವೂ ಸರಾಗವಾಗಿ ಓಡುತ್ತದೆ. ಫೈಲ್ ದೊಡ್ಡದಾಗುವುದು ಇದಕ್ಕೆ ತೆರಬೇಕಾದ ಬೆಲೆ.

ಹ್ಯಾಂಡ್‌ಬ್ರೇಕ್‌ನ ಪ್ರಿಸೆಟ್ (ಸಿದ್ಧ ಸೆಟ್ಟಿಂಗ್) ಪಟ್ಟಿಯಲ್ಲಿ 'ಪ್ರೊಫೆಷನಲ್' ಎಂಬ ಗುಂಪಿದೆ. ಅದರೊಳಗಿನ 'ಪ್ರೊಡಕ್ಷನ್' ಹೆಸರಿನ ಪ್ರಿಸೆಟ್‌ಗಳು ಸಂಕಲನಕ್ಕೆಂದೇ ಇರುವಂಥವು. ಪ್ರಾಕ್ಸಿಗೆ 'ಪ್ರೊಡಕ್ಷನ್ ಪ್ರಾಕ್ಸಿ' ಸಾಕು. 1080ಪಿಯಲ್ಲೇ ಮುಗಿಸುವವರು 'ಪ್ರೊಡಕ್ಷನ್ ಸ್ಟ್ಯಾಂಡರ್ಡ್' ಆರಿಸಿ, ಅಳತೆಯನ್ನು 1920×1080ಕ್ಕೆ ಇಳಿಸಿ. ಮೊದಲು ಒಂದು ನಿಮಿಷ ಮಾತ್ರ ಪರಿವರ್ತಿಸಿ, ಬಂದ ಗಾತ್ರವನ್ನು ಒಟ್ಟು ನಿಮಿಷಗಳಿಂದ ಗುಣಿಸಿ, ಡಿಸ್ಕ್‌ನಲ್ಲಿ ಜಾಗ ಇದೆಯೇ ಎಂದು ನೋಡಿಕೊಳ್ಳಿ.

ನಂತರ ಮೂರು ಸೆಟ್ಟಿಂಗ್‌ಗಳನ್ನು ನೀವೇ ಕೈಯಿಟ್ಟು ನೋಡಬೇಕು. ಮೊದಲನೆಯದು ಫ್ರೇಮ್ ರೇಟ್: ವಿಡಿಯೊ ಪುಟದಲ್ಲಿ 25 ಎಂದು ಆರಿಸಿ, 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಎಂಬುದನ್ನು ಗುರುತು ಮಾಡಿ. ಎರಡನೆಯದು ಕ್ರಾಪಿಂಗ್: ಇದು ತಾನಾಗಿಯೇ ಕಪ್ಪು ಅಂಚನ್ನು ಕತ್ತರಿಸುವ ಸ್ಥಿತಿಯಲ್ಲಿದ್ದರೆ ಕತ್ತಲೆಯ ರಂಗದ ಬದಿಗಳನ್ನು ಅಂಚೆಂದು ತಿಳಿದು ಕತ್ತರಿಸಿಬಿಡಬಹುದು, ಒಂದೊಂದು ಕ್ಲಿಪ್ ಒಂದೊಂದು ಅಳತೆಗೆ ಬರುತ್ತದೆ. ಅದನ್ನು 'ನನ್' ಎಂದು ಇಡಿ. ರಂಗದ ಚಿತ್ರೀಕರಣ ಪರಿವರ್ತಿಸುವವರು ಹೆಚ್ಚಾಗಿ ಎಡವುವುದು ಇಲ್ಲೇ. ಮೂರನೆಯದು ಧ್ವನಿ: 48 ಕಿಲೊಹರ್ಟ್ಸ್ ಇರಲಿ, ಮೂಲದಲ್ಲಿ ಎಷ್ಟು ಚಾನೆಲ್ ಇದೆಯೋ ಅಷ್ಟೇ ಇರಲಿ. ಈ ಸೆಟ್ಟಿಂಗ್‌ಗಳನ್ನು ಹೊಸ ಪ್ರಿಸೆಟ್ ಆಗಿ ಉಳಿಸಿ, ಹಂತ 6ರ ಪರೀಕ್ಷೆ ಮುಗಿದ ಮೇಲೆ ಎಲ್ಲ ಕ್ಲಿಪ್‌ಗಳಿಗೂ ಅದನ್ನೇ ಅನ್ವಯಿಸಿ, ಸಾಲಿಗೆ ಹಾಕಿ ರಾತ್ರಿ ಬಿಟ್ಟುಬಿಡಿ. ಮೇ ತಿಂಗಳ ಸೆಕೆಯಲ್ಲಿ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಈ ಕೆಲಸ ಮಾಡಿಸಬೇಡಿ. ಬಿಸಿಯಾದ ಯಂತ್ರ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

30 ಫ್ರೇಮ್‌ನ ಮೊಬೈಲ್ ಚಿತ್ರವನ್ನು 25ಕ್ಕೆ ಇಳಿಸಿದಾಗ ಆರರಲ್ಲಿ ಒಂದು ಫ್ರೇಮ್ ಬಿದ್ದುಹೋಗುತ್ತದೆ. ನಿಂತು ಅರ್ಥ ಹೇಳುವ ದೃಶ್ಯದಲ್ಲಿ ಅದು ತಿಳಿಯದು, ದಿಗಿಣ ಹಾಕುವಾಗ ಚಲನೆ ಕುಪ್ಪಳಿಸಿದಂತೆ ಕಾಣುತ್ತದೆ. ಹೆಚ್ಚಿನ ಭಾಗ 30ರಲ್ಲೇ ಇದ್ದರೆ ಎಲ್ಲವನ್ನೂ 30ಕ್ಕೆ ತನ್ನಿ. ಮುಖ್ಯ ಕ್ಯಾಮೆರಾ 25ರಲ್ಲಿದ್ದರೆ ಮೊಬೈಲಿನ ಚಿತ್ರವನ್ನು ಪ್ರೇಕ್ಷಕರು, ಚೌಕಿ, ಸನ್ಮಾನ ಮುಂತಾದ ನಿಧಾನದ ದೃಶ್ಯಗಳಿಗೆ ಮಾತ್ರ ಬಳಸಿ. ಪ್ರೀಮಿಯರ್‌ನ 'ಇಂಟರ್‌ಪ್ರೆಟ್ ಫೂಟೇಜ್'ನಲ್ಲಿ 25 ಎಂದು ತುಂಬಿ ಇದನ್ನು ಸರಿಪಡಿಸಲು ಹೋಗಬೇಡಿ. ಅದು ಚಿತ್ರವನ್ನು ನಿಧಾನಗೊಳಿಸುತ್ತದೆ, ಹಾಡುಗಾರಿಕೆಯ ಲಯವೇ ಕೆಡುತ್ತದೆ.

ಷಟರ್ ಎನ್ಕೋಡರ್ ಬಳಸುವವರಿಗೆ ಎಕ್ಸ್‌ಡಿಕ್ಯಾಮ್ ಎಚ್‌ಡಿ422 ಎಂಬ ರೂಪ ಬಹಳ ಒಳ್ಳೆಯದು: 50 ಮೆಗಾಬಿಟ್, ಎಂಪೆಗ್-2 ಕೋಡೆಕ್, ಸಿಎಸ್6ಕ್ಕೆ ನೇರವಾಗಿ ಗೊತ್ತಿರುವಂಥದು. ಪರಿವರ್ತಿಸಿದ ಫೈಲನ್ನು ಮೀಡಿಯಾಇನ್ಫೊದಲ್ಲಿ ತೆರೆದು 'ಪ್ರೊಗ್ರೆಸ್ಸಿವ್' ಎಂದಿದೆಯೇ ನೋಡಿ. 'ಇಂಟರ್‌ಲೇಸ್ಡ್' ಎಂದು ಬಂದರೆ ಸೆಟ್ಟಿಂಗ್ ತಿದ್ದಿ ಮತ್ತೆ ಮಾಡಿ, ಇಲ್ಲವಾದರೆ ಕೈಬೀಸಿದಲ್ಲೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಎಚ್‌ಡಿಆರ್ ಚಿತ್ರದ ಬಣ್ಣವನ್ನು ಸಾಮಾನ್ಯ ರೂಪಕ್ಕೆ ಇಳಿಸುವ ಕೆಲಸವನ್ನೂ ಇದೇ ತಂತ್ರಾಂಶದಲ್ಲಿ, ಪರಿವರ್ತನೆಯ ಜೊತೆಗೇ ಮುಗಿಸಿ.

ಪ್ರೊರೆಸ್, ಡಿಎನ್‌ಎಕ್ಸ್‌ಎಚ್‌ಡಿ ರೂಪಗಳು ಗುಣದಲ್ಲಿ ಉತ್ತಮವಾದರೂ ವಿಂಡೋಸ್‌ನ ಸಿಎಸ್6ರಲ್ಲಿ ಅವುಗಳ ಎಂಒವಿ ಫೈಲ್ ತೆರೆಯಲು ಕ್ವಿಕ್‌ಟೈಮ್ ಬೇಕು. ವಿಂಡೋಸ್‌ನ ಕ್ವಿಕ್‌ಟೈಮ್‌ಗೆ ಆ್ಯಪಲ್ 2016ರಲ್ಲಿ ಬೆಂಬಲ ನಿಲ್ಲಿಸಿದೆ. ಅದರ ಭದ್ರತಾ ದೋಷಗಳು ತಿದ್ದುಪಡಿಯಾಗದೆ ಉಳಿದಿವೆ. ಸಂಘದ ಲೆಕ್ಕಪತ್ರ, ಸದಸ್ಯರ ವಿವರ ಇರುವ, ಇಂಟರ್‌ನೆಟ್‌ಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಅದನ್ನು ಹಾಕಲೇಬಾರದು. ಮ್ಯಾಕ್‌ನವರಿಗೆ ಈ ಚಿಂತೆಯಿಲ್ಲ. ಫೈನಲ್ ಕಟ್‌ಗೆ ಪ್ರೊರೆಸ್ಸೇ ಸಹಜ ರೂಪ.

ಹಂತ 6: ಒಂದು ನಿಮಿಷದ ಪೂರ್ಣ ಪರೀಕ್ಷೆ

ಎಲ್ಲ ಫೈಲ್‌ಗಳ ಪರಿವರ್ತನೆಗೆ ಮೊದಲೇ ಇದು ಆಗಬೇಕು. ಪ್ರತಿ ಕ್ಯಾಮೆರಾದಿಂದ ಒಂದು ನಿಮಿಷ ತೆಗೆದುಕೊಂಡು ಪರಿವರ್ತಿಸಿ, ಸಿಎಸ್6ಕ್ಕೆ ತಂದು, ನಾಲ್ಕು ಕಡೆ ಕತ್ತರಿಸಿ, ಒಂದು ಶೀರ್ಷಿಕೆ ಹಾಕಿ, ಎರಡನೆಯ ದಾರಿಯವರಾದರೆ 4ಕೆ ಫೈಲನ್ನು ಮರಳಿ ಜೋಡಿಸಿ, ಎಕ್ಸ್‌ಪೋರ್ಟ್ ಮಾಡಿ, ಟಿವಿಯಲ್ಲಿ ನೋಡಿ. ಜೊತೆಗೆ, ಅತಿ ಉದ್ದದ ಮೊಬೈಲ್ ಕ್ಲಿಪ್ ಒಂದನ್ನು ಪೂರ್ತಿ ಪರಿವರ್ತಿಸಿ ಅದರ ಕೊನೆಯಲ್ಲಿ ತುಟಿ ಮತ್ತು ಧ್ವನಿ ಕೂಡಿವೆಯೇ ನೋಡಿ. ಜಾರುವಿಕೆ ಗೊತ್ತಾಗುವುದು ಕೊನೆಯಲ್ಲೇ. ಇದನ್ನು ಬಿಟ್ಟವರು ವಾರದ ಕೆಲಸದ ನಂತರ ತಪ್ಪನ್ನು ಕಂಡುಕೊಳ್ಳುತ್ತಾರೆ.

ಹಂತ 7: ಪ್ರಾಜೆಕ್ಟ್ ಸಿದ್ಧಪಡಿಸಿ, ಧ್ವನಿ ಕೂಡಿಸಿ

ಹೊಸ ಸೀಕ್ವೆನ್ಸ್ (ಕ್ಲಿಪ್‌ಗಳನ್ನು ಕಟ್ಟುವ ಟೈಮ್‌ಲೈನ್) ಮಾಡುವಾಗ 'ಡಿಜಿಟಲ್ ಎಸ್‌ಎಲ್‌ಆರ್' ಗುಂಪಿನ 1080ಪಿ 25 ಪ್ರಿಸೆಟ್ಟನ್ನು ನೀವೇ ಆರಿಸಿ. ಕ್ಲಿಪ್ ಎಳೆದು ಹಾಕಿ ತಾನಾಗಿ ಸೀಕ್ವೆನ್ಸ್ ಮಾಡಿಸಿದರೆ ಆ ಕ್ಲಿಪ್‌ನ ಗುಣವೇ ಇಡೀ ಸಂಕಲನಕ್ಕೆ ಅಂಟಿಕೊಳ್ಳುತ್ತದೆ. ಪ್ರಿಫರೆನ್ಸಸ್‌ನಲ್ಲಿ ತಾನಾಗಿ ಉಳಿಸುವ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿ, ಮೀಡಿಯಾ ಕ್ಯಾಷ್ (ತಂತ್ರಾಂಶದ ತಾತ್ಕಾಲಿಕ ಫೈಲ್‌ಗಳ) ಫೋಲ್ಡರನ್ನು ಸಂಕಲನದ ಡಿಸ್ಕಿಗೆ ಬದಲಿಸಿ. ಎರಡನೆಯ ದಾರಿಯವರು ಇದೇ ಜಾಗದಲ್ಲಿ 'ಡೀಫಾಲ್ಟ್ ಸ್ಕೇಲ್ ಟು ಫ್ರೇಮ್ ಸೈಜ್' ಎಂಬುದನ್ನು ಫೈಲ್ ತರುವ ಮೊದಲೇ ಗುರುತು ಮಾಡಿರಬೇಕು; ಏಕೆ ಎಂಬುದು ಹಂತ 10ರಲ್ಲಿದೆ. ಫೈಲ್‌ಗಳನ್ನು ತಂದ ಮೇಲೆ ಕೆಳಗೆ ಬಲಮೂಲೆಯಲ್ಲಿ ಧ್ವನಿಯನ್ನು ಹೊಂದಿಸಿಕೊಳ್ಳುವ ಪಟ್ಟಿ ಓಡುತ್ತಿರುತ್ತದೆ. ಅದು ಮುಗಿಯುವವರೆಗೆ ಟೈಮ್‌ಲೈನ್ ಮುಟ್ಟಬೇಡಿ.

ಧ್ವನಿಯ ಅಲೆ ನೋಡಿ ಕ್ಯಾಮೆರಾಗಳನ್ನು ತಾನಾಗಿ ಕೂಡಿಸುವ ಸೌಲಭ್ಯ ಪ್ರೀಮಿಯರ್‌ಗೆ ಬಂದದ್ದು ಸಿಎಸ್6ರ ನಂತರ. ಇಲ್ಲಿ ಕಿವಿ, ಕಣ್ಣು ಎರಡನ್ನೂ ನಂಬಬೇಕು. ಯಕ್ಷಗಾನದಲ್ಲಿ ಚೆಂಡೆಯ ಮೊದಲ ಪೆಟ್ಟು ಅತ್ಯುತ್ತಮ ಗುರುತು: ಕೋಲು ಚರ್ಮಕ್ಕೆ ತಾಗುವ ಫ್ರೇಮ್ ಸ್ಪಷ್ಟವಾಗಿ ಕಾಣುತ್ತದೆ, ಅಲೆಯೂ ಚೂಪಾಗಿ ಏಳುತ್ತದೆ. ಪ್ರತಿ ಕ್ಯಾಮೆರಾದ ಕ್ಲಿಪ್‌ನಲ್ಲಿ ಆ ಫ್ರೇಮ್ ಮೇಲೆ ಇನ್ ಪಾಯಿಂಟ್ (ಆರಂಭದ ಗುರುತು) ಇಟ್ಟು, ಎಲ್ಲವನ್ನೂ ಆರಿಸಿ, 'ಕ್ರಿಯೇಟ್ ಮಲ್ಟಿ-ಕ್ಯಾಮೆರಾ ಸೋರ್ಸ್ ಸೀಕ್ವೆನ್ಸ್' ಒತ್ತಿ, ಇನ್ ಪಾಯಿಂಟ್ ಆಧಾರದಲ್ಲಿ ಕೂಡಿಸಿ. ನಾಟಕ, ಭಾಷಣಗಳಿಗೆ ಮೊದಲೇ ಒಬ್ಬರು ರಂಗದ ಮುಂದೆ ಎಲ್ಲ ಕ್ಯಾಮೆರಾಗಳಿಗೂ ಕಾಣುವಂತೆ ಒಂದು ಚಪ್ಪಾಳೆ ತಟ್ಟಲಿ.

ಸಭಾಗೃಹದ ಹಿಂಬದಿಯ ಕ್ಯಾಮೆರಾದ ಧ್ವನಿಯನ್ನು ಮಾತ್ರ ನೋಡಿ ಕೂಡಿಸಿದರೆ ಸಣ್ಣ ದೋಷ ಉಳಿಯುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 20 ಮೀಟರ್ ದೂರದ ಕ್ಯಾಮೆರಾಕ್ಕೆ ಪೆಟ್ಟಿನ ಸದ್ದು ತಲುಪುವಷ್ಟರಲ್ಲಿ 25 ಫ್ರೇಮ್‌ನ ಲೆಕ್ಕದಲ್ಲಿ ಒಂದೂವರೆ ಫ್ರೇಮ್ ಕಳೆದಿರುತ್ತದೆ. ಆದ್ದರಿಂದ ದೂರದ ಕ್ಯಾಮೆರಾವನ್ನು ಚಿತ್ರದಿಂದಲೇ ಕೂಡಿಸಿ, ಅದರ ಧ್ವನಿಯನ್ನು ಮುಚ್ಚಿ, ರಂಗದ ಮೈಕ್‌ನಿಂದ ರೆಕಾರ್ಡರ್ ಹಿಡಿದ ಧ್ವನಿಯೊಂದನ್ನೇ ಆರಂಭದಿಂದ ಕೊನೆಯವರೆಗೆ ಒಂದೇ ಎಳೆಯಾಗಿ ಬಳಸಿ. ಕ್ಯಾಮೆರಾ ಫೈಲ್‌ಗಳ ತುಂಡುಗಳು ಸೇರುವಲ್ಲಿ ಬರುವ ಸಣ್ಣ ಟಕ್ ಸದ್ದೂ ಇದರಿಂದ ತಪ್ಪುತ್ತದೆ. ರೆಕಾರ್ಡರ್‌ನ ಗಡಿಯಾರಕ್ಕೂ ಕ್ಯಾಮೆರಾದ ಗಡಿಯಾರಕ್ಕೂ ಅತಿ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ; ಮೂರು ಗಂಟೆಯಲ್ಲಿ ಅದು ಕೆಲವು ಫ್ರೇಮ್ ಆಗಬಹುದು. ಪ್ರತಿ ಅರ್ಧ ಗಂಟೆಗೊಮ್ಮೆ ಚೆಂಡೆಯ ಪೆಟ್ಟೊಂದನ್ನು ಹುಡುಕಿ ಚಿತ್ರವನ್ನು ಮತ್ತೆ ಕೂಡಿಸಿಕೊಳ್ಳಿ.

ಹಂತ 8: ಸಂಕಲನ

ಮೂರು ಗಂಟೆಯನ್ನೂ ಒಂದೇ ಸೀಕ್ವೆನ್ಸ್‌ನಲ್ಲಿ ಕಟ್ಟಬೇಡಿ. ಸಭಾ ಕಾರ್ಯಕ್ರಮ, ಒಡ್ಡೋಲಗ, ಮುಂದಿನ ಸನ್ನಿವೇಶಗಳು ಎಂದು ಅರ್ಧ ಗಂಟೆಯ ಭಾಗಗಳಾಗಿ ಮಾಡಿ. ಪ್ರೋಗ್ರಾಂ ಮಾನಿಟರ್‌ನ ಪ್ಲೇಬ್ಯಾಕ್ ರೆಸೊಲ್ಯೂಷನ್ನನ್ನು ಅರ್ಧಕ್ಕೆ ಇಳಿಸಿಕೊಳ್ಳಿ, ಅದರಿಂದ ಅಂತಿಮ ಚಿತ್ರಕ್ಕೆ ಯಾವ ಬಾಧೆಯೂ ಇಲ್ಲ. ಮೊದಲು ಕತ್ತರಿಸುವ ಕೆಲಸ ಪೂರ್ತಿ ಮುಗಿಯಲಿ, ಬಣ್ಣ ತಿದ್ದುವುದು ನಂತರ. ಪ್ರತಿದಿನ ಪ್ರಾಜೆಕ್ಟ್ ಫೈಲನ್ನು ಹೊಸ ಸಂಖ್ಯೆಯ ಹೆಸರಿನಲ್ಲಿ ಉಳಿಸಿ, ಒಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿಡಿ.

ಟೈಮ್‌ಲೈನ್‌ನಲ್ಲಿ ಕೆಂಪು ಪಟ್ಟಿ ಕಾಣುವುದು ರೆಂಡರ್ (ಚಿತ್ರವನ್ನು ಮೊದಲೇ ಲೆಕ್ಕ ಹಾಕಿಡುವುದು) ಬೇಕಾಗಬಹುದು ಎಂಬುದರ ಸೂಚನೆ, ಅದು ದೋಷವಲ್ಲ. ಯಾವ ಎಫೆಕ್ಟ್ ಕೂಡ ಹಾಕದಿದ್ದರೂ ಇಡೀ ಟೈಮ್‌ಲೈನ್ ಕೆಂಪಾಗಿ, ಚಿತ್ರ ತಡೆಯುತ್ತಿದ್ದರೆ ಮಾತ್ರ ಸೀಕ್ವೆನ್ಸ್ ಮತ್ತು ಫೈಲ್‌ಗಳ ಫ್ರೇಮ್ ರೇಟ್ ಹೊಂದಿಲ್ಲವೆಂದು ಅನುಮಾನಿಸಿ.

ಹಂತ 9: ಕನ್ನಡ ಶೀರ್ಷಿಕೆಗಳು

ಸಿಎಸ್6ರ ಟೈಟ್ಲರ್‌ಗೆ ಯೂನಿಕೋಡ್ ಕನ್ನಡವನ್ನು ಕೂಡಿಸಿ ಬರೆಯಲು ಬಾರದು. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ, ಅರ್ಕಾವತ್ತು ತನ್ನ ಜಾಗ ಬಿಡುತ್ತದೆ. 'ಲಕ್ಷ್ಮೀ', 'ಸ್ತ್ರೀ', 'ಕೃಷ್ಣಾರ್ಜುನ' ಎಂದು ಟೈಪ್ ಮಾಡಿದರೆ ಕೂಡಲೇ ತಿಳಿಯುತ್ತದೆ. ಮರಾಠಿ ಶೀರ್ಷಿಕೆಗೂ ಇದೇ ಪಾಡು. ನುಡಿ, ಬರಹದ ಹಳೆಯ ಯೂನಿಕೋಡೇತರ ಅಕ್ಷರಗಳಲ್ಲಿ ಬರೆದು ಅಂಟಿಸುವ ಉಪಾಯ ಕೆಲವರದು. ಅದು ಕೆಲಸ ಮಾಡುತ್ತದೆ, ಆದರೆ ಫಾಂಟ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಪ್ರಾಜೆಕ್ಟ್ ತೆರೆದರೆ ಎಲ್ಲ ಹೆಸರುಗಳೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ.

ನಾನು ಸೂಚಿಸುವುದು ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶವನ್ನು. ಪುಟದ ಅಳತೆಯನ್ನು 1920×1080 ಪಿಕ್ಸೆಲ್‌ಗೆ ಇಟ್ಟು, ಯೂನಿಕೋಡ್ ಫಾಂಟ್‌ನಲ್ಲಿ ಬರೆದು, ಹಿನ್ನೆಲೆ ಪಾರದರ್ಶಕವಾಗಿರುವಂತೆ ಇಡೀ ಪುಟವನ್ನು ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. 4ಕೆಯಲ್ಲಿ ಮುಗಿಸುವವರು 3840×2160ರಲ್ಲೇ ಮಾಡಿ. ಆ ಚಿತ್ರವನ್ನು ಮೇಲಿನ ವಿಡಿಯೊ ಟ್ರ್ಯಾಕ್‌ನಲ್ಲಿ ಇಟ್ಟರಾಯಿತು. ನಾಲ್ಕೂ ಅಂಚಿನಿಂದ ಹತ್ತನೆಯ ಒಂದು ಭಾಗದಷ್ಟು ಜಾಗ ಬಿಟ್ಟು ಬರೆಯಿರಿ, ಟಿವಿಗಳು ಅಂಚನ್ನು ನುಂಗುವುದುಂಟು. ಹಿಮ್ಮೇಳ, ಮುಮ್ಮೇಳದವರ ಹೆಸರುಗಳ ಕರಡನ್ನು ಸಂಘಟಕರಿಗೆ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ಪಿಎನ್‌ಜಿ ಮಾಡಿ; ಚಿತ್ರವಾದ ಮೇಲೆ ಅಕ್ಷರ ತಿದ್ದಲಾಗದು. ಇಂಕ್‌ಸ್ಕೇಪ್‌ನ ಮೂಲ ಫೈಲನ್ನು ಉಳಿಸಿಕೊಳ್ಳಿ.

ಹೆಸರುಗಳ ಉದ್ದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸರಿಸಬೇಕಾದರೆ ಎತ್ತರದ ಒಂದೇ ಪಿಎನ್‌ಜಿ ಮಾಡಿ ಚಲಿಸಬಹುದು. ಹಂತ 7ರಲ್ಲಿ ಹೇಳಿದ ಸ್ಕೇಲ್ ಆಯ್ಕೆ ಇದ್ದರೆ ಅದು ಕುಗ್ಗಿ ಸಣ್ಣ ಪಟ್ಟಿಯಂತೆ ಕಾಣುತ್ತದೆ. ಆ ಕ್ಲಿಪ್‌ಗೆ ಮಾತ್ರ ಆಯ್ಕೆಯನ್ನು ತೆಗೆಯಿರಿ.

ಹಂತ 10: 4ಕೆ ಫೈಲ್‌ಗಳನ್ನು ಮರಳಿ ಜೋಡಿಸುವುದು

1080ಪಿಯಲ್ಲಿ ಮುಗಿಸುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು.

ಮೂಲ ಫೈಲ್ ಎಚ್.265 ಆಗಿದ್ದರೆ, ಇಲ್ಲವೇ ಅದರ ಫ್ರೇಮ್ ರೇಟ್ ಬದಲಾಗುವಂಥದಾಗಿದ್ದರೆ, ಅದನ್ನು ನೇರವಾಗಿ ಜೋಡಿಸಲಾಗದು. ಪ್ರಾಕ್ಸಿಯ ಜೊತೆಗೆ, ಅದೇ ಸ್ಥಿರ ಫ್ರೇಮ್ ರೇಟಿನಲ್ಲಿ ಪೂರ್ಣ ಅಳತೆಯ ಎಚ್.264 ಪ್ರತಿಯೊಂದನ್ನೂ 'ಪ್ರೊಡಕ್ಷನ್ ಸ್ಟ್ಯಾಂಡರ್ಡ್'ನಲ್ಲಿ ಮಾಡಿಟ್ಟುಕೊಳ್ಳಿ. ಪ್ರಾಕ್ಸಿಗೂ 4ಕೆ ಫೈಲಿಗೂ ನಾಲ್ಕು ವಿಷಯ ಒಂದೇ ಆಗಿರಬೇಕು: ಹೆಸರು, ಹೆಸರಿನ ಕೊನೆಯ ವಿಸ್ತರಣೆ, ಫ್ರೇಮ್‌ಗಳ ಒಟ್ಟು ಸಂಖ್ಯೆ, ಧ್ವನಿಯ ಚಾನೆಲ್‌ಗಳು.

ಸೀಕ್ವೆನ್ಸ್ ಸೆಟ್ಟಿಂಗ್‌ನಲ್ಲಿ ಅಳತೆಯನ್ನು 3840×2160ಕ್ಕೆ ಬದಲಿಸಬೇಕಾಗುತ್ತದೆ. ಎಲ್ಲ ಕ್ಲಿಪ್‌ಗಳೂ 'ಸ್ಕೇಲ್ ಟು ಫ್ರೇಮ್ ಸೈಜ್' ಸ್ಥಿತಿಯಲ್ಲಿದ್ದರೆ ಚಿತ್ರ ತಾನಾಗಿ ತುಂಬಿಕೊಳ್ಳುತ್ತದೆ, ಇಲ್ಲದಿದ್ದರೆ ಚಿತ್ರ ನಡುವೆ ಸಣ್ಣದಾಗಿ ನಿಲ್ಲುತ್ತದೆ ಅಥವಾ ಅಳತೆ ಮೀರಿ ಹಿಗ್ಗುತ್ತದೆ. ಸಂಕಲನದಲ್ಲಿ ನೀವು ಚಿತ್ರವನ್ನು ಹತ್ತಿರ ತಂದ, ಪಕ್ಕಕ್ಕೆ ಸರಿಸಿದ ಪ್ರತಿಯೊಂದು ಕಡೆ ಕಣ್ಣಿಟ್ಟು ನೋಡಿ.

ಜೋಡಿಸುವ ಅತ್ಯಂತ ಸರಳ ವಿಧಾನ ಫೋಲ್ಡರ್ ಬದಲಿಸುವುದು. ಪ್ರಾಜೆಕ್ಟ್ ಮುಚ್ಚಿ, ಪ್ರಾಕ್ಸಿ ಫೋಲ್ಡರ್‌ನ ಹೆಸರನ್ನು ಬೇರೆ ಮಾಡಿ, 4ಕೆ ಫೋಲ್ಡರ್‌ಗೆ ಅದೇ ಜಾಗದಲ್ಲಿ ಪ್ರಾಕ್ಸಿಯ ಹಳೆಯ ಹೆಸರು ಕೊಟ್ಟು, ಪ್ರಾಜೆಕ್ಟ್ ತೆರೆಯಿರಿ. ಪ್ರೀಮಿಯರ್ ಅದೇ ದಾರಿಯಲ್ಲಿ ಅದೇ ಹೆಸರಿನ ಫೈಲ್ ಕಂಡು ಅದನ್ನೇ ತೆಗೆದುಕೊಳ್ಳುತ್ತದೆ. 'ಮೇಕ್ ಆಫ್‌ಲೈನ್', 'ಲಿಂಕ್ ಮೀಡಿಯಾ' ವಿಧಾನ ಬಳಸುವವರು ಒಂದು ಎಚ್ಚರ ವಹಿಸಬೇಕು: 'ಮೇಕ್ ಆಫ್‌ಲೈನ್' ಒತ್ತಿದಾಗ ಫೈಲ್‌ಗಳು ಡಿಸ್ಕ್‌ನಲ್ಲಿ ಉಳಿಯಲಿ ಎಂಬ ಆಯ್ಕೆಯೂ, ಫೈಲ್‌ಗಳು ಅಳಿಸಿಹೋಗಲಿ ಎಂಬ ಆಯ್ಕೆಯೂ ಒಟ್ಟಿಗೆ ಬರುತ್ತವೆ. ಎರಡನೆಯದನ್ನು ಒತ್ತಿದರೆ ವಿಡಿಯೊ ನಿಜವಾಗಿಯೂ ಅಳಿಸಿಹೋಗುತ್ತದೆ.

ಹಂತ 11: ಎಕ್ಸ್‌ಪೋರ್ಟ್ ಮತ್ತು ಪರಿಶೀಲನೆ

ಪ್ರತಿ ಭಾಗವನ್ನು ಬೇರೆಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ. ಒಂದು ಭಾಗ ಪ್ರತಿಸಲವೂ ಒಂದೇ ಜಾಗದಲ್ಲಿ ನಿಂತರೆ ತೊಂದರೆ ಆ ಜಾಗದ ಕ್ಲಿಪ್‌ನದು. ಅದನ್ನು ಮಾತ್ರ ಮತ್ತೆ ಪರಿವರ್ತಿಸಿ ಬದಲಿಸಿ. ಪ್ರತಿಸಲ ಬೇರೆಬೇರೆ ಕಡೆ ನಿಂತರೆ ಮೆಮೊರಿ, ಬಿಸಿ ಅಥವಾ ಡಿಸ್ಕ್ ಜಾಗವನ್ನು ನೋಡಿ. ಈ ಒಂದು ವ್ಯತ್ಯಾಸವನ್ನು ಗಮನಿಸಿದರೆ ಎಷ್ಟೋ ರಾತ್ರಿಗಳ ಊಹಾಪೋಹ ಉಳಿಯುತ್ತದೆ.

ಯೂಟ್ಯೂಬ್ 25 ಫ್ರೇಮ್‌ನ 1080ಪಿಗೆ 8 ಮೆಗಾಬಿಟ್, 4ಕೆಗೆ 35ರಿಂದ 45 ಮೆಗಾಬಿಟ್ ಸೂಚಿಸುತ್ತದೆ. 1080ಪಿಯನ್ನು 16ರಲ್ಲಿ ಕೊಡುವುದು ನನಗೆ ಸರಿ ಎನಿಸುತ್ತದೆ, ಏಕೆಂದರೆ ಯಕ್ಷಗಾನದ ವೇಷಭೂಷಣದ ಸೂಕ್ಷ್ಮ ಕುಸುರಿ, ವೇಗದ ಚಲನೆ ಎರಡೂ ಕಡಿಮೆ ಬಿಟ್‌ರೇಟ್‌ನಲ್ಲಿ ಕಲಸಿಹೋಗುತ್ತವೆ. ಮೂರು ಗಂಟೆಗೆ ಅದು 21.6 ಜಿಬಿ ಆಗುತ್ತದೆ. ಅಪ್‌ಲೋಡ್‌ಗೆ ಬೇಕಾಗುವ ಸಮಯವನ್ನು ಸಂಘಟಕರಿಗೆ ಮೊದಲೇ ತಿಳಿಸಿ.

ಮುಗಿದ ಫೈಲನ್ನು ಸಂಕಲಿಸಿದ ಕಂಪ್ಯೂಟರಿನಲ್ಲಿ ನೋಡಿ ತೃಪ್ತರಾಗಬೇಡಿ. ಪೆನ್‌ಡ್ರೈವ್‌ನಲ್ಲಿ ಟಿವಿಗೆ ಹಾಕಿ, ಆರಂಭ, ನಡು, ಕೊನೆ, ಒಂದು ಭಾಗ ಮುಗಿದು ಇನ್ನೊಂದು ಆರಂಭವಾಗುವ ಪ್ರತಿಯೊಂದು ಜಾಗ, ಎಲ್ಲ ಶೀರ್ಷಿಕೆಗಳು ಎಂಬ ಕ್ರಮದಲ್ಲಿ ನೋಡಿ.

ಹಂತ 12: ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬಹುದು

ಪ್ರಾಕ್ಸಿ, ಪರಿವರ್ತಿತ ಫೈಲ್‌ಗಳು ಮತ್ತು ಮೀಡಿಯಾ ಕ್ಯಾಷ್ ಅಳಿಸಬಹುದು. ಬಳಸಿದ ಪ್ರಿಸೆಟ್ ಉಳಿದಿದ್ದರೆ ಅವನ್ನು ಮತ್ತೆ ಮಾಡಿಕೊಳ್ಳಬಹುದು. ಮೂಲ ಫೈಲ್‌ಗಳು, ರೆಕಾರ್ಡರ್‌ನ ಧ್ವನಿ, ಪ್ರಾಜೆಕ್ಟ್ ಫೈಲ್, ಶೀರ್ಷಿಕೆಯ ಮೂಲಗಳು ಎರಡು ಡಿಸ್ಕ್‌ಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇರಲಿ. ಫೈಲ್ ಮೆನುವಿನಿಂದ ಫೈನಲ್ ಕಟ್ ಪ್ರೊ ಎಕ್ಸ್‌ಎಂಎಲ್ ರೂಪದಲ್ಲೂ ಸಂಕಲನವನ್ನು ಎಕ್ಸ್‌ಪೋರ್ಟ್ ಮಾಡಿಡಿ. ಸಿಎಸ್6 ಇನ್ನು ತೆರೆಯದಂಥ ದಿನ ಬಂದರೆ ಹೊಸ ತಂತ್ರಾಂಶಗಳು ಆ ಫೈಲನ್ನು ಓದಿ ಕನಿಷ್ಠ ಕತ್ತರಿಸಿದ ಜಾಗಗಳನ್ನಾದರೂ ತೋರಿಸುತ್ತವೆ. ಕಾರ್ಡ್‌ಗಳನ್ನು ಫಾರ್ಮ್ಯಾಟ್ ಮಾಡುವುದು ಎರಡೂ ಡಿಸ್ಕ್‌ಗಳ ಪ್ರತಿಗಳನ್ನು ತೆರೆದು ನೋಡಿದ ಮೇಲೆ, ಕಂಪ್ಯೂಟರಿನಲ್ಲಿ ಅಲ್ಲ, ಅದನ್ನು ಬಳಸುವ ಕ್ಯಾಮೆರಾದಲ್ಲೇ.